ಗಿಡದ ತಾಯಿ ಯಾರು ಅಂತ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ನೇಜಿ ನೆಟ್ಟು ಮನೆಗೆ ಬಂದು ಕೂತವರು, ಅಡುಗೆ ಮಾಡುತ್ತಾ ರೇಡಿಯೋ ಹಾಕಿಕೊಂಡವರು, ಜೀವಶಾಸ್ತ್ರ ಓದುತ್ತಿರುವ ಪಿಯುಸಿ ಮಕ್ಕಳು, ನಿಮಗೆಲ್ಲ ಇವತ್ತು ಒಂದೇ ವಿಷಯ ಹೇಳುವುದಿದೆ. ಗಿಡದ ಗುಣ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತದೆ ಅಂತ ನಾವೆಲ್ಲ ಕಲಿತಿದ್ದೇವೆ, ಅಲ್ವಾ? ಅದು ಪೂರ್ತಿ ಲೆಕ್ಕ ಅಲ್ಲ. ತಾಯಿ ಜಾಸ್ತಿ ಕೊಡುತ್ತಾಳೆ.

ಹೇಗೆ ಅಂತ ಹೇಳುತ್ತೇನೆ. ಜೀವಕೋಶದ ಒಳಗೆ ಕೋಶಕೇಂದ್ರ ಇದೆ. ಹೆಚ್ಚಿನ ಜೀನ್‌ಗಳು ಇರುವುದು ಅಲ್ಲೇ. ಆದರೆ ಅದರ ಹೊರಗೂ ಜೀನ್‌ಗಳಿವೆ. ಎಲೆಗೆ ಹಸಿರು ಬಣ್ಣ ಕೊಟ್ಟು ಬಿಸಿಲಿನಿಂದ ಆಹಾರ ಮಾಡುವ ಕ್ಲೋರೋಪ್ಲಾಸ್ಟ್‌ಗಳಲ್ಲಿ ಇವೆ, ಆ ಆಹಾರದಿಂದ ಶಕ್ತಿ ತೆಗೆಯುವ ಮೈಟೊಕಾಂಡ್ರಿಯಗಳಲ್ಲಿ ಇವೆ. ತಂಬಾಕಿನ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು ಜಪಾನಿನ ವಿಜ್ಞಾನಿಗಳು 1986ರಲ್ಲೇ ಪೂರ್ತಿ ಓದಿ ಮುಗಿಸಿದರು. ಅದರಲ್ಲಿ ನೂರಕ್ಕೂ ಜಾಸ್ತಿ ಜೀನ್ ಇವೆ. ಹೆಚ್ಚಿನ ಗಿಡಗಳಲ್ಲಿ ಈ ಹೊರಗಿನ ಜೀನ್‌ಗಳು ಬೀಜಕ್ಕೆ ಬರುವುದು ತಾಯಿಯ ಅಂಡಕೋಶದಿಂದ ಮಾತ್ರ. ಪರಾಗ ತನ್ನ ಕೋಶಕೇಂದ್ರವನ್ನು ಕೊಡುತ್ತದೆ, ಅಷ್ಟೇ.

ತುಳುನಾಡಿನವರಿಗೆ ಇದನ್ನು ತುಂಬಾ ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆಗಳಲ್ಲಿ ಬರಿ, ಅಂದರೆ ಕುಲದ ಹೆಸರು, ಯಾರದ್ದು? ತಾಯಿಯದ್ದು. ಮಗನಿಗೂ ತಾಯಿಯ ಬರಿ, ಮಗಳಿಗೂ ತಾಯಿಯ ಬರಿ. ಆದರೆ ಮುಂದೆ ತನ್ನ ಮಕ್ಕಳಿಗೆ ಕೊಡುವವಳು ಮಗಳು, ಮಗ ಅಲ್ಲ. ಗಿಡದಲ್ಲೂ ಹೀಗೆಯೇ.

ಇದನ್ನು ಮೊದಲು ತೋರಿಸಿಕೊಟ್ಟದ್ದು ಯಾವ ಗಿಡ ಗೊತ್ತಾ? ಸಂಜೆಮಲ್ಲಿಗೆ! ನಮ್ಮ ಬಾವಿಕಟ್ಟೆಯ ಪಕ್ಕ, ಕಂಪೌಂಡಿನ ಮೂಲೆಯಲ್ಲಿ ತಾನಾಗಿಯೇ ಹುಟ್ಟಿ, ಸಂಜೆ ನಾಲ್ಕರ ನಂತರ ಅರಳುವ ಅದೇ ಗಿಡ. ಜರ್ಮನಿಯಲ್ಲಿ ಕಾರ್ಲ್ ಕೊರೆನ್ಸ್ ಅಂತ ಒಬ್ಬರು ವಿಜ್ಞಾನಿ ಇದ್ದರು. ಮೂವತ್ತೈದು ವರ್ಷ ಯಾರೂ ಕಣ್ಣೆತ್ತಿ ನೋಡದ ಮೆಂಡೆಲನ ಬಟಾಣಿ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಇವರೂ ಒಬ್ಬರು. ಅಂದರೆ ತಂದೆ ತಾಯಿ ಸಮಪಾಲು ಅನ್ನುವ ಲೆಕ್ಕವನ್ನು ಇವರಷ್ಟು ಚೆನ್ನಾಗಿ ಬಲ್ಲವರು ಆಗ ಕಡಿಮೆ. ಅವರ ಕೈಗೆ ಒಂದು ವಿಚಿತ್ರ ಸಂಜೆಮಲ್ಲಿಗೆ ಸಿಕ್ಕಿತು. ಒಂದೇ ಗಿಡದಲ್ಲಿ ಮೂರು ಬಗೆಯ ಗೆಲ್ಲು. ಒಂದರಲ್ಲಿ ಎಲ್ಲ ಎಲೆಯೂ ಹಸಿರು, ಇನ್ನೊಂದರಲ್ಲಿ ಹಸಿರಿನ ಮೇಲೆ ಬಿಳಿ ಮಚ್ಚೆ, ಮತ್ತೊಂದು ಗೆಲ್ಲು ಪೂರ್ತಿ ಬಿಳಿ, ಹಾಲುಬಿಳಿ. ಆ ಬಿಳಿ ಗೆಲ್ಲು ತಾನಾಗಿ ಆಹಾರ ಮಾಡಿಕೊಳ್ಳಲಾರದು, ಪಕ್ಕದ ಹಸಿರು ಗೆಲ್ಲುಗಳು ಸಾಕುವುದರಿಂದ ಬದುಕಿರುತ್ತದೆ, ಹೂವೂ ಬಿಡುತ್ತದೆ.

ಕೊರೆನ್ಸ್ ಏನು ಮಾಡಿದರು ಅಂದರೆ, ಹಸಿರು ಗೆಲ್ಲಿನ ಹೂವಿಗೆ ಬಿಳಿ ಗೆಲ್ಲಿನ ಪರಾಗ ಹಾಕಿದರು, ಬಿಳಿ ಗೆಲ್ಲಿನ ಹೂವಿಗೆ ಹಸಿರು ಗೆಲ್ಲಿನ ಪರಾಗ ಹಾಕಿದರು, ಹೀಗೆ ಎಲ್ಲ ಜೋಡಿಗಳನ್ನೂ ಅದಲು ಬದಲು ಮಾಡಿ ನೋಡಿದರು. ಈ ಗಿಡದ ಒಂದು ಹೂವಿಗೆ ಒಂದೇ ಬೀಜ, ಕಪ್ಪಗೆ, ಗಟ್ಟಿಯಾಗಿ, ಗೆರೆ ಗೆರೆಯಾಗಿ ಇರುತ್ತದಲ್ಲ, ಅದು. ಬೀಜ ಬಿತ್ತಿದರು. ಹಸಿರು ಗೆಲ್ಲಿನ ಬೀಜದಿಂದ ಎಲ್ಲವೂ ಹಸಿರು ಸಸಿ, ಪರಾಗ ಯಾರದ್ದೇ ಇರಲಿ. ಬಿಳಿ ಗೆಲ್ಲಿನ ಬೀಜದಿಂದ ಎಲ್ಲವೂ ಬಿಳಿ ಸಸಿ, ತಂದೆ ಎಷ್ಟೇ ಹಸಿರಾಗಿರಲಿ! ಪಾಪ, ಆ ಬಿಳಿ ಸಸಿಗಳು ಬೀಜದಲ್ಲಿದ್ದ ಆಹಾರ ಮುಗಿಯುವ ತನಕ ನಿಂತು ಆಮೇಲೆ ಸತ್ತವು. ಮಚ್ಚೆ ಗೆಲ್ಲಿನ ಬೀಜದಿಂದ ಮಾತ್ರ ಮೂರೂ ಬಗೆಯವು ಹುಟ್ಟಿದವು. ಯಾಕೆಂದರೆ ಆ ತಾಯಿಯ ಕೋಶಗಳಲ್ಲಿ ಒಳ್ಳೆಯ ಕ್ಲೋರೋಪ್ಲಾಸ್ಟ್ ಮತ್ತು ಕೆಟ್ಟದ್ದು ಎರಡೂ ಬೆರೆತಿದ್ದವು. 1909ರಲ್ಲಿ ಇದನ್ನು ಪ್ರಕಟಿಸಿದರು. ಕ್ಲೋರೋಪ್ಲಾಸ್ಟಿನಲ್ಲಿ ಡಿಎನ್‌ಎ ಇದೆ ಅಂತ ಕಣ್ಣಾರೆ ಕಂಡದ್ದು 1960ರ ನಂತರ. ಅದಕ್ಕೂ ಐವತ್ತು ವರ್ಷ ಮೊದಲೇ ಒಂದು ಗೆಲ್ಲು, ಸ್ವಲ್ಪ ಪರಾಗ, ಸ್ವಲ್ಪ ತಾಳ್ಮೆ, ಇಷ್ಟರಲ್ಲೇ ವಿಷಯ ಸಿಕ್ಕಿತ್ತು. ನನಗೆ ಇದರಷ್ಟು ಚಂದದ ಪ್ರಯೋಗ ಬೇರೆ ಇಲ್ಲ. ಆದರೂ ನಮ್ಮ ತರಗತಿಗಳಲ್ಲಿ ಬಟಾಣಿಗೆ ಎಷ್ಟೋ ದಿನ, ಸಂಜೆಮಲ್ಲಿಗೆಗೆ ಐದು ನಿಮಿಷ. ಮೇಷ್ಟ್ರುಗಳೇ, ದಯವಿಟ್ಟು ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ.

ನನಗೆ ಕೊಟ್ಟ ಸಮಯ ಕರಗುತ್ತಿದೆ, ಭತ್ತದ ವಿಷಯ ಬೇಗ ಹೇಳಿಬಿಡುತ್ತೇನೆ. ಭತ್ತದ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೆ ಇರುತ್ತವೆ, ತನ್ನ ಪರಾಗ ತನಗೇ ಬೀಳುತ್ತದೆ. ಎರಡು ತಳಿ ಬೆರೆಸಿ ಹೈಬ್ರಿಡ್ ಮಾಡಬೇಕಾದರೆ ಗದ್ದೆಗಟ್ಟಲೆ ಹೂವಿನಿಂದ ಕೇಸರ ಕೀಳುತ್ತಾ ಕೂರಲು ಆಗುತ್ತದಾ? 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಭತ್ತದ ವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ ಪರಾಗ ಸತ್ತುಹೋಗಿರುವ ಒಂದು ಕಾಡು ಭತ್ತದ ಗಿಡ ಸಿಕ್ಕಿತು. ಪರಾಗ ಸಾಯಲು ಕಾರಣ ಅದರ ಮೈಟೊಕಾಂಡ್ರಿಯದ ಒಂದು ಜೀನ್. ಅಂದರೆ ಮತ್ತೆ ತಾಯಿ! ಆ ತಾಯಿಯ ವಂಶವನ್ನು ಹಿಡಿದು, ಅದಕ್ಕೆ ಬೇರೆ ತಳಿಯ ಪರಾಗ ಕೊಟ್ಟು ಹೈಬ್ರಿಡ್ ಭತ್ತ ಮಾಡಿದರು. ಮಂಡ್ಯದಲ್ಲಿ ತಯಾರಾದ ನಮ್ಮ ಹೈಬ್ರಿಡ್ ಭತ್ತ ಕೆಆರ್‌ಎಚ್-2 ಕೂಡ ಅದೇ ತಾಯಿಯ ವಂಶದ್ದು. ಹೈಬ್ರಿಡ್ ಗದ್ದೆಯಲ್ಲಿ ಕಾಳು ತುಂಬುವುದು ತಂದೆಯ ಕೋಶಕೇಂದ್ರದಲ್ಲಿ ಪರಾಗವನ್ನು ಸರಿಮಾಡುವ ಜೀನ್ ಇರುವುದರಿಂದ. ಆ ಬೆಳೆಯಿಂದ ಬೀಜ ತೆಗೆದಿಟ್ಟು ಮುಂದಿನ ಏಣೇಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಬಿತ್ತಿದರೆ, ಸರಿಮಾಡುವ ಜೀನ್ ಕೆಲವು ಗಿಡಕ್ಕೆ ಸಿಗುವುದಿಲ್ಲ, ತಾಯಿಯ ಮೈಟೊಕಾಂಡ್ರಿಯ ಮಾತ್ರ ಎಲ್ಲದಕ್ಕೂ ಇರುತ್ತದೆ. ಅಂಥ ಗಿಡದ ತೆನೆ ಹಿಚುಕಿದರೆ ಬರೀ ಜೊಳ್ಳು. ಹೈಬ್ರಿಡ್ ಅಲ್ಲದ ಎಂಒ-4 ತಳಿ ಆಗಲಿ ಮನೆಯ ಹಳೆ ಕಜೆ ಭತ್ತ ಆಗಲಿ ಇದ್ದರೆ ಧಾರಾಳ ಬೀಜ ಇಟ್ಟುಕೊಳ್ಳಿ. ಹೈಬ್ರಿಡ್‌ದ್ದು ಇಡಬೇಡಿ.

ಇನ್ನೊಂದೇ ಮಾತು. ಅಮೆರಿಕದಲ್ಲಿ 1970ರಲ್ಲಿ ಮೆಕ್ಕೆಜೋಳದ ಹೊಲಗಳಿಗೆ ಎಲೆ ಒಣಗುವ ಶಿಲೀಂಧ್ರ ರೋಗ ಬಂತು. ಅಲ್ಲಿನ ಹೈಬ್ರಿಡ್‌ಗಳಿಗೆ ತಂದೆಯರು ಬೇರೆ ಬೇರೆ, ಆದರೆ ನೂರಕ್ಕೆ 85ರಷ್ಟಕ್ಕೆ ತಾಯಿಯ ವಂಶ ಒಂದೇ, ಟೆಕ್ಸಾಸ್‌ನದ್ದು. ಆ ಜೋಳದಲ್ಲಿ ಪರಾಗ ಸಾಯಿಸುತ್ತಿದ್ದ ಮೈಟೊಕಾಂಡ್ರಿಯದ ಜೀನೇ ಎಲೆಯನ್ನೂ ಈ ಶಿಲೀಂಧ್ರದ ವಿಷಕ್ಕೆ ಒಡ್ಡಿಕೊಟ್ಟಿತು. ದೇಶದ ಬೆಳೆಯಲ್ಲಿ ನೂರಕ್ಕೆ 15ರಷ್ಟು ಹೋಯಿತು. ಆಮೇಲೆ ಬೀಜದ ಕಂಪನಿಗಳು ಬೇರೆ ತಾಯಿಗಳನ್ನು ಹುಡುಕಿಕೊಂಡು, ಆಳುಗಳನ್ನು ಹಚ್ಚಿ ಕೈಯಿಂದಲೇ ಸೂಲಂಗಿ, ಅಂದರೆ ತುದಿಯ ಗಂಡು ಹೂಗೊಂಚಲು, ಕೀಳಿಸುವ ಹಳೆಯ ಕ್ರಮಕ್ಕೆ ಮರಳಬೇಕಾಯಿತು.

ಹಾಗಾಗಿ ಉಡುಪಿ ಕಡೆ ಮಟ್ಟುಗುಳ್ಳವನ್ನು ಬೇರೆ ಬದನೆಯ ಜೊತೆ ಕ್ರಾಸ್ ಮಾಡಿ ನೋಡುವ ಆಸಕ್ತಿ ಯಾರಿಗಾದರೂ ಇದ್ದರೆ, ಗುಳ್ಳವನ್ನು ಒಮ್ಮೆ ತಾಯಿ ಮಾಡಿ, ಒಮ್ಮೆ ತಂದೆ ಮಾಡಿ. ಎರಡರ ಬೀಜವನ್ನೂ ಬೇರೆ ಬೇರೆ ಪೊಟ್ಟಣದಲ್ಲಿಟ್ಟು, ಮೇಲೆ ತಾಯಿಯ ಹೆಸರನ್ನು ಮೊದಲು ಬರೆಯಿರಿ. ನಮಸ್ಕಾರ.