ನಮ್ಮ ಗಿರಿಯ ಹೂ, ಚೀನಾದ ಹೆಸರು

ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದಿಂದ ಚಿಕ್ಕಮಗಳೂರು ತೋರಿಸುತ್ತೇನೆ ಅಂತ ಹೊರಟಿದ್ದೆ. ಎಲ್ಲಿ ನೋಡಿದರೂ ಮಂಜು. ಹತ್ತಡಿ ಆಚೆ ಏನೂ ಕಾಣುತ್ತಿಲ್ಲ. ಹಾಗಾಗಿ ಇವತ್ತು ಕ್ಯಾಮೆರಾ ಕಾಲ ಬುಡಕ್ಕೆ.

ಇದು ಹುಲ್ಲಿನ ಇಳಿಜಾರಿನಲ್ಲಿ ನೀರು ಜಿನುಗುವ ಜಾಗ. ಕಾಲಿಟ್ಟರೆ ಪಚಕ್ ಅನ್ನುತ್ತದೆ. ಆ ಜೌಗಿನ ತುಂಬಾ ಗುಲಾಬಿ ಬಣ್ಣದ ಹೂ. ನಮ್ಮಜ್ಜಿ ಆಗಿದ್ದರೆ 'ಗೌರಿ ಹೂ ಕಣೋ' ಅಂತ ಮಾತು ಮುಗಿಸುತ್ತಿದ್ದರು. ಗೌರಿ ಹಬ್ಬದ ಹೊತ್ತಿಗೆ ಅರಳಿದ್ದೆಲ್ಲ ಅವರ ಲೆಕ್ಕದಲ್ಲಿ ಗೌರಿ ಹೂವೇ. ಫೋಟೋ ನೋಡಿ ಗಿಡ ಗುರುತಿಸುವ ಮೊಬೈಲ್ ಆಪ್ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ: ಅಂಗಳದಲ್ಲಿ ಬೆಳೆಸುವ ಕರ್ಣಕುಂಡಲ. ನನಗೆ ಯಾಕೋ ಅನುಮಾನ.

ಹೂ ಬಿಡಿ, ಮೊದಲು ಎಲೆ ನೋಡಿ. ಕರ್ಣಕುಂಡಲದಲ್ಲಿ ಒಂದು ಎಲೆ ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ. ಇಲ್ಲಿ ಎರಡೆರಡು ಎಲೆ ಎದುರುಬದುರು. ಹುಲ್ಲಿನ ನಡುವೆ ಗುರುತೇ ಸಿಗದಷ್ಟು ಸಪೂರ. ತೊಟ್ಟು ಇಲ್ಲವೆಂದೇ ಹೇಳಬೇಕು, ಕಾಂಡಕ್ಕೇ ಅಂಟಿಕೊಂಡಿವೆ. ಅಂಗಳದ್ದರ ಕಾಯಿಯ ಮೇಲೆ ರೋಮ ಇರುತ್ತದೆ, ಇದರದ್ದು ನುಣ್ಣಗಿದೆ.

ಈಗ ಹೂವನ್ನು ಪಕ್ಕದಿಂದ ನೋಡಿ. ಹಿಂದೆ ದಾರದಂಥ ಉದ್ದನೆಯ ಬಾಲ, ಒಳಕ್ಕೆ ಬಾಗಿದೆ. ಮಕರಂದ ಇರುವುದು ಅದರೊಳಗೆ. ನಾನು ಫೋಟೋ ತೆಗೆದಿದ್ದು ಮುಂದಿನಿಂದ ಮಾತ್ರ. ಬಾಲ ಇಲ್ಲ, ಎಲೆ ಇಲ್ಲ. ಪಾಪ, ಆಪ್ ಆದರೂ ಏನು ಮಾಡೀತು?

ಇದು ಇಂಪೇಷನ್ಸ್ ಚೈನೆನ್ಸಿಸ್. ಹೌದು, ಚೀನಾದ್ದು ಅಂತಲೇ ಅರ್ಥ! 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಭಾರತದಿಂದ ದಕ್ಷಿಣ ಚೀನಾದವರೆಗೆ ಒದ್ದೆ ನೆಲದಲ್ಲಿ ತಾನಾಗೇ ಹುಟ್ಟುವ ಗಿಡ. ಇಲ್ಲಿಗೆ ಯಾರೂ ತಂದು ನೆಟ್ಟಿದ್ದಲ್ಲ. ಹೆಸರು ಮಾತ್ರ ಆ ಕಡೆಯವರ ಪಾಲಾಯಿತು, ಅಷ್ಟೇ.

ಇಂಪೇಷನ್ಸ್ ಅಂದರೆ ತಾಳ್ಮೆ ಇಲ್ಲದ್ದು. ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಸಿಪ್ಪೆ ಸುರುಳಿ ಸುತ್ತಿ ಬೀಜ ಸಿಡಿಯುತ್ತದೆ. ಸ್ಲೋ ಮೋಷನ್‌ನಲ್ಲಿ ತೋರಿಸೋಣ ಅಂತ ಒಂದು ಕಾಯಿಯ ಮುಂದೆ ಹತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತೆ. ಫೋಕಸ್ ಸರಿ ಮಾಡುವಾಗ ಜರ್ಕಿನ್ ತೋಳು ತಗುಲಿತು. ಟಪ್! ರೆಕಾರ್ಡ್ ಆಗಿರುವುದು ನನ್ನ ತೋಳು ಮಾತ್ರ. ಎದ್ದು ನೋಡಿದರೆ ಕಾಲಲ್ಲಿ ಎರಡು ಇಂಬಳ.