ಗಂಟಲು ಕೆಟ್ಟಿಲ್ಲ ಸ್ವಾಮಿ, ನಿಮ್ಮ ಕಿವಿ ಚೆಕ್ ಮಾಡಿಸ್ಕೊಳ್ಳಿ

ನಮಸ್ಕಾರ ನಮಸ್ಕಾರ. ಇವತ್ತು ಮಾಡ್ಬೇಕಿದ್ದಿದ್ದು ಇಯರ್‌ಫೋನ್ ರಿವ್ಯೂ, ಸ್ಕ್ರಿಪ್ಟೂ ರೆಡಿ ಇತ್ತು, ಆದ್ರೆ ಬೆಳಿಗ್ಗೆ ಹಲ್ಲುಜ್ಜುತ್ತಾ ಫೋನ್ ತೆಗೀತೀನಿ, ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವ ಬರ್ದಿದಾನೆ: "ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಸೂಪರ್ ಬ್ರೋ, ಆದ್ರೆ ಹಾಡೋದ್ಯಾಕೆ, ನೆಗಡಿಯಾದ ಕಂಡಕ್ಟರ್ ಥರ ಇದೆ." ಅದಕ್ಕೆ 40 ಲೈಕು! ನನ್ನ ವಿಡಿಯೋಗೇ ಅಷ್ಟಿಲ್ಲ. ಲೈಕ್ ಮಾಡ್ರಪ್ಪಾ ಮೊದ್ಲು.

ನಾನು ಹೇಳೋದು ಒಂದೇ ಮಾತು. ಆರ್ಮ್‌ಸ್ಟ್ರಾಂಗ್ ಅಂದ್ರೆ ಅಮೆರಿಕದ ಜಾಝ್ ಸಂಗೀತಗಾರ, ಅವನು ಊದೋದು ಬೇರೆ, ಹಾಡೋದು ಬೇರೆ ಅಲ್ಲ. ಎರಡೂ ಒಂದೇ. (ಏಕವಚನ ಅಂತ ಬೇಜಾರಾಗ್ಬೇಡಿ, ಪ್ರೀತಿ ಜಾಸ್ತಿ ಆದ್ರೆ ನಮ್ಮ ಬಾಯಲ್ಲಿ ಹಾಗೇ ಬರೋದು.)

ಅವನ ವೆಸ್ಟ್ ಎಂಡ್ ಬ್ಲೂಸ್ ರೆಕಾರ್ಡ್ ಹಾಕ್ಕೊಳ್ಳಿ. 1928ರ ಜೂನು, ಶಿಕಾಗೋ, ಅವನಿಗಿನ್ನೂ 26 ವರ್ಷ. ಶುರುನಲ್ಲಿ ಡ್ರಮ್ಮಿಲ್ಲ ಪಿಯಾನೋ ಇಲ್ಲ, ಬರೀ ಟ್ರಂಪೆಟ್ಟು, ಒಂದು 12 ಸೆಕೆಂಡು ಇರ್ಬೋದು. ಮೊದಲ ನಾಲ್ಕು ಸ್ವರ ಗೋಡೆಗೆ ಮೊಳೆ ಹೊಡ್ದಂಗೆ ಹೊಡೀತಾನೆ, ಆಮೇಲೆ ಸರ್ರಂತ ಮೇಲಕ್ಕೆ ಹತ್ತಿ, ಅಲ್ಲೊಂದು ಕ್ಷಣ ನಿಂತು, ಸ್ಕೂಲ್ ಬೆಲ್ ಆದ್ಮೇಲೆ ಮಕ್ಕಳು ಮೆಟ್ಟಿಲಿಳಿಯೋ ಥರ ದಡದಡ ಕೆಳಗೆ. ಅದಾಯ್ತಾ? ಮಧ್ಯದಲ್ಲಿ ಕ್ಲಾರಿನೆಟ್ ಒಂದು ಸಾಲು ನುಡಿಸುತ್ತೆ, ಅದಕ್ಕೆ ಇವನು ಬಾಯಲ್ಲಿ ಉತ್ತರ ಕೊಡ್ತಾನೆ, ಮಾತಿಲ್ಲ, ಬರೀ ವಾ ವಾ ದೀ ದೂ ಅಷ್ಟೇ, ಅದೂ ಎಷ್ಟು ಮೆತ್ತಗೆ ಅಂದ್ರೆ ಪಕ್ಕದ ರೂಮಲ್ಲಿ ಮಗು ಮಲಗಿದೆಯೇನೋ ಅನ್ಬೇಕು. ಎಲ್ಲಪ್ಪಾ ನೆಗಡಿ? ಕೊನೇಲಿ ಮತ್ತೆ ಟ್ರಂಪೆಟ್ ಎತ್ಕೊಂಡು ಒಂದೇ ಸ್ವರ ಹಿಡಿದು ನಾಲ್ಕು ಬಾರ್, ಅಂದ್ರೆ ತಾಳದ ನಾಲ್ಕು ಸುತ್ತು, ಹತ್ತತ್ರ ಬಿಡೋದೇ ಇಲ್ಲ, ಆಗ ಗೊತ್ತಾಗುತ್ತೆ, ಬಾಯಲ್ಲಿ ಹೇಳಿ ಮುಗೀದೇ ಇದ್ದಿದ್ದನ್ನ ಇಲ್ಲಿ ಮುಂದುವರಿಸ್ತಿದಾನೆ ಅಂತ.

"ಇಲ್ಲ ಸರ್, ಕಂಠ ಮಾಧುರ್ಯ ಅಂತ ಒಂದಿರುತ್ತಲ್ಲ." ಮಾಧುರ್ಯ ಬೇಕಾದ್ರೆ ಮೈಸೂರ್ ಪಾಕ್ ತಿನ್ನಿ! "ಹಳೇ ರೆಕಾರ್ಡು, ಕರಕರ ಅನ್ನುತ್ತೆ." ಚಕ್ಲೀನೂ ಕರಕರ ಅನ್ನುತ್ತೆ, ಬಿಡ್ತೀರಾ?

1926ರಲ್ಲಿ ಹೀಬೀ ಜೀಬೀಸ್ ಅನ್ನೋ ಹಾಡು ರೆಕಾರ್ಡ್ ಮಾಡುವಾಗ ಹಾಡಿನ ಹಾಳೆ ಕೈಜಾರಿ ಬಿತ್ತಂತೆ, ಅದಕ್ಕೇ ಬಾಯಿಗೆ ಬಂದ ಶಬ್ದ ಹಾಡ್ದೆ ಅಂತ ಅವನೇ ಹೇಳ್ಕೊಂಡಿದಾನೆ. ನಿಜಾನೋ ಸುಳ್ಳೋ, ತಿಳಿದೋರು ಅಷ್ಟಾಗಿ ನಂಬಲ್ಲ. ನನಗೂ ಡೌಟೇ. ಆದ್ರೆ ಬೇರೆಯವರ ಹಾಳೆ ಬಿದ್ರೆ ಹಾಡು ನಿಲ್ಲುತ್ತೆ, ಇವನದು ಬಿದ್ರೆ ಟ್ರಂಪೆಟ್ ಬಾಯಲ್ಲಿ ಶುರುವಾಗುತ್ತೆ. ಯಾಕೆ? ಎರಡೂ ಒಂದೇ ಕಣ್ರೀ! ದೊಡ್ಡ ಜಾಝ್ ಗಾಯಕಿ ಬಿಲೀ ಹಾಲಿಡೇನೇ ಹೇಳಿದಾಳೆ, ಚಿಕ್ಕವಳಿದ್ದಾಗ ಇವನ ರೆಕಾರ್ಡ್ ಕೇಳಿ ಆ ಭಾವ ತನಗೂ ಬೇಕು ಅನ್ಸಿತ್ತು ಅಂತ. ಅವಳಿಗಿಂತ ಕಿವಿ ಚೆನ್ನಾಗಿದ್ಯಾ ನಿಮ್ದು?

ಇನ್ನು ಈ 40 ಲೈಕಿನೋರು. ಇವರು ಕೇಳಿರೋದು ಒಂದೇ ಹಾಡು, ನಂಗೊತ್ತು, 1967ರ ವಾಟ್ ಎ ವಂಡರ್‌ಫುಲ್ ವರ್ಲ್ಡ್, ಸ್ಟೇಟಸ್‌ಗೆ ಹಾಕ್ಕೊಳ್ಳೋದು ಅದೇ ತಾನೆ. ಅದ್ರಲ್ಲಿ ಅವನು ಟ್ರಂಪೆಟ್ ಮುಟ್ಟೇ ಇಲ್ಲ! ಸುಮ್ನೆ ಹಾಡಿದಾನೆ ಅಷ್ಟೇ. ಹಂಗಾದ್ರೆ "ಟ್ರಂಪೆಟ್ ಸೂಪರ್" ಅಂದ್ಯಲ್ಲ ಗುರೂ, ನೀನು ಕೇಳಿದ್ದು ಯಾವ ಟ್ರಂಪೆಟ್ಟು? ಗಂಟಲನ್ನೇ ಟ್ರಂಪೆಟ್ ಅನ್ಕೊಂಡ್ಯಾ? ಅನ್ಕೊಂಡಿದ್ರೆ ನಾನು ಗೆದ್ದೆ! ಒಂದೇ ಅಂತ ನಾನು ಅವಾಗಿಂದ ಬಡ್ಕೋತಿರೋದೇ ಅದು!

ಇನ್ನೂ ಮೂರು ಪಾಯಿಂಟ್ ಬರ್ಕೊಂಡಿದ್ದೆ, 1931ರ ಸ್ಟಾರ್‌ಡಸ್ಟ್ ಬಗ್ಗೆ ಒಂದಿತ್ತು, ರಾಗದ ಏರಿಳಿತ ಎಲ್ಲಾ ಬಿಟ್ಟು ಒಂದೇ ಸ್ವರದ ಮೇಲೆ ಕೂತ್ಕೊಂಡು... ಆಮೇಲೆ... ಫ್ಯಾನ್ ಗಾಳಿಗೆ ಹಾಳೆ ಮಂಚದ ಕೆಳಗೆ ಹೋಯ್ತು. ನಂಗೆ ದೂ ದೂ ಅನ್ನೋಕೆ ಬರಲ್ಲ. ಇಯರ್‌ಫೋನ್ ರಿವ್ಯೂ ಶನಿವಾರ ಹಾಕ್ತೀನಿ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ.

ಕಂಡಕ್ಟರ್ ಅಂತೆ ಕಂಡಕ್ಟರ್. ಟಿಕೆಟ್ ತಗೊಂಡು ಸುಮ್ನೆ ಕೂತ್ಕೋ.