ಹಸಿರು ಹರಳಿನೊಳಗೆ ಅಡಗಿ ಕುಳಿತ ಎರಡು ಕ್ಲೋರೈಡ್‌ಗಳು

[ಮೇಜಿನ ಮೇಲೆ ಎರಡು ಗಾಜಿನ ತಟ್ಟೆಗಳು]

ನಮಸ್ಕಾರ. ಈ ತಟ್ಟೆಯಲ್ಲಿರುವುದು ಕಡು ಹಸಿರು ಹರಳು, ಆ ತಟ್ಟೆಯಲ್ಲಿರುವುದು ನೇರಳೆ. ಎರಡೂ ಕ್ರೋಮಿಯಂ ಕ್ಲೋರೈಡ್‌ಗಳೇ. ವಿಶ್ಲೇಷಿಸಿ ನೋಡಿದರೆ ಎರಡರಲ್ಲಿಯೂ ಒಂದು ಕ್ರೋಮಿಯಂಗೆ ಮೂರು ಕ್ಲೋರಿನ್ ಮತ್ತು ಆರು ನೀರಿನ ಅಣುಗಳೇ ಸಿಗುತ್ತವೆ. ಹಾಗಾದರೆ ಬಣ್ಣವೇಕೆ ಬೇರೆ?

ಸಿಲ್ವರ್ ನೈಟ್ರೇಟ್ ಕ್ಲೋರೈಡ್‌ನೊಡನೆ ಸೇರಿದರೆ ಸಿಲ್ವರ್ ಕ್ಲೋರೈಡ್‌ನ ಬಿಳಿಯ ಪ್ರಕ್ಷೇಪ (ನೀರಿನಲ್ಲಿ ಕರಗದೆ ತಳಕ್ಕಿಳಿಯುವ ಪುಡಿ) ಬೀಳುತ್ತದೆ ಎಂಬುದನ್ನು ಪಿಯುಸಿ ಪ್ರಯೋಗಾಲಯದಲ್ಲಿ ಬೆರಳು ಕಪ್ಪು ಮಾಡಿಕೊಂಡವರಿಗೆ ನಾನು ವಿವರಿಸಬೇಕಾಗಿಲ್ಲ. ಎಷ್ಟು ಕ್ಲೋರೈಡ್ ಹೊರಬಂದಿದೆ ಎಂಬುದನ್ನು ಆ ಪ್ರಕ್ಷೇಪದ ತೂಕವೇ ಹೇಳುತ್ತದೆ, ಹಾಗಾಗಿ ನೇರವಾಗಿ ಲೆಕ್ಕಕ್ಕೆ ಬರೋಣ. 2.66 ಗ್ರಾಂ ಹರಳು ಎಂದರೆ 0.01 ಮೋಲ್ (ಮೋಲ್ ಎಂಬುದು ಕಣಗಳ ಎಣಿಕೆಯ ಅಳತೆ). ಮೂರೂ ಕ್ಲೋರೈಡ್‌ಗಳು ಹೊರಬಂದರೆ 4.30 ಗ್ರಾಂ ಸಿಲ್ವರ್ ಕ್ಲೋರೈಡ್ ದೊರೆಯಬೇಕು. ನೇರಳೆ ಹರಳಿನಿಂದ ಅಷ್ಟೇ ದೊರೆಯುತ್ತದೆ. ಹಸಿರು ಹರಳನ್ನು ತಣ್ಣನೆಯ ನೀರಿನಲ್ಲಿ ಕರಗಿಸಿ, ತಡಮಾಡದೆ ಪ್ರಕ್ಷೇಪಿಸಿ ಸೋಸಿದರೆ ಸಿಗುವುದು ಸುಮಾರು 1.43 ಗ್ರಾಂ, ಅಂದರೆ ಮೂರರಲ್ಲಿ ಒಂದೇ ಪಾಲು.

ಉಳಿದೆರಡು ಎಲ್ಲಿ ಹೋದವು? ಹಳೆಯ ತೊಟ್ಟಿಮನೆಯೊಂದನ್ನು ನೆನೆಯಿರಿ. ಬೀದಿಯಲ್ಲಿ ನಿಂತು ಕೂಗಿದರೆ ಜಗಲಿಯ ಮೇಲೆ ಕುಳಿತವರು ಎದ್ದು ಬರುತ್ತಾರೆ, ನಡುಮನೆಯಲ್ಲಿರುವವರಿಗೆ ಆ ಕೂಗು ಕೇಳಿಸುವುದಿಲ್ಲ. ಸಿಲ್ವರ್ ಅಯಾನು, ಅಂದರೆ ದ್ರಾವಣದಲ್ಲಿ ವಿದ್ಯುದಾವೇಶ ಹೊತ್ತ ಬೆಳ್ಳಿಯ ಕಣ, ಬೀದಿಯಿಂದ ಕೂಗುವ ಅತಿಥಿ. ಕ್ರೋಮಿಯಂಗೆ ನೇರವಾಗಿ ಅಂಟಿಕೊಂಡ ಕ್ಲೋರೈಡ್‌ಗಳು ನಡುಮನೆಯವರು. ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದರ ಮುಂದಿನದು: ಹಸಿರು ದ್ರಾವಣವನ್ನು ಹಾಗೆಯೇ ಇಟ್ಟರೆ ನೀರಿನ ಅಣುಗಳು ಮೆಲ್ಲಮೆಲ್ಲನೆ ನಡುಮನೆಗೆ ನುಗ್ಗಿ ಕ್ಲೋರೈಡ್‌ಗಳನ್ನು ಜಗಲಿಗೆ ತಳ್ಳುತ್ತವೆ, ದ್ರಾವಣದ ಬಣ್ಣವೂ ಬದಲಾಗುತ್ತಾ ಹೋಗುತ್ತದೆ. ಆದ್ದರಿಂದ ನಡುವೆ ಚಹಾ ಕುಡಿಯಲು ಹೋದವರ ತಕ್ಕಡಿ ಹೆಚ್ಚು ತೂಕ ತೋರಿಸಿದರೆ ದೋಷ ತಕ್ಕಡಿಯದ್ದಲ್ಲ, ಚಹಾದ್ದು.

[ಪರದೆಯ ಮೇಲೆ ಹಳದಿ, ನೇರಳೆಗೆಂಪು, ಹಸಿರು ಚುಕ್ಕೆಗಳು]

ಈ ಒಳಗು-ಹೊರಗಿನ ಲೆಕ್ಕವನ್ನು 1893ರಲ್ಲಿ ಸಿದ್ಧಾಂತವಾಗಿ ಮುಂದಿಟ್ಟವರು ರಸಾಯನವಿಜ್ಞಾನಿ ಆಲ್ಫ್ರೆಡ್ ವರ್ನರ್. 1913ರಲ್ಲಿ ಅವರಿಗೆ ನೊಬೆಲ್ ದೊರೆಯಿತು. ಕೋಬಾಲ್ಟ್ ಕ್ಲೋರೈಡ್‌ಗೆ ಆರು ಅಮೋನಿಯಾ ಸೇರಿದ ಹಳದಿ ಲವಣದಿಂದ ಮೂರು ಪಾಲು ಪ್ರಕ್ಷೇಪ, ಐದು ಸೇರಿದ ನೇರಳೆಗೆಂಪು ಲವಣದಿಂದ ಎರಡು, ನಾಲ್ಕು ಸೇರಿದ ಹಸಿರು ಲವಣದಿಂದ ಒಂದೇ ಪಾಲು ಬೀಳುತ್ತದೆ. ಒಂದೊಂದು ಅಮೋನಿಯಾ ಬಿಟ್ಟ ಜಾಗಕ್ಕೆ ಒಂದೊಂದು ಕ್ಲೋರೈಡ್ ಒಳಹೋಗಿದೆ ಎಂಬುದು ಅವರ ತರ್ಕ. ಈ ಕೋಬಾಲ್ಟ್, ಕ್ರೋಮಿಯಂ ಲವಣಗಳಲ್ಲಿ ಲೋಹದ ಸುತ್ತ ಇರುವ ಸ್ಥಾನಗಳು ಆರು.

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ನಮ್ಮ ಹಸಿರು ಹರಳಿನಲ್ಲಿ ಎರಡು ಕ್ಲೋರೈಡ್‌ಗಳು ಒಳಗಿದ್ದರೆ ಆರು ಸ್ಥಾನಗಳಲ್ಲಿ ನಾಲ್ಕು ನೀರಿಗೆ ಉಳಿಯುತ್ತವೆ. ಹೊರಗೆ ಒಂದು ಕ್ಲೋರೈಡ್ ಮತ್ತು ಎರಡು ನೀರು. ಸೋಸಿದ ಪ್ರಕ್ಷೇಪವನ್ನು ತುಸು ನೈಟ್ರಿಕ್ ಆಮ್ಲ ಬೆರೆಸಿದ ನೀರಿನಿಂದ ತೊಳೆದು, ತೂಕ ಸ್ಥಿರವಾಗುವವರೆಗೆ ಒಣಗಿಸಿ, ಬಿಸಿಲಿನಿಂದ ದೂರವಿಡಿ. ಇಲ್ಲಿ ಚಿತ್ರೀಕರಣದ ದೀಪದ ಕೆಳಗೆ ಬಿಟ್ಟ ನನ್ನ ಬಿಳಿಯ ಪ್ರಕ್ಷೇಪ ಈಗಾಗಲೇ ಬೂದು ಬಣ್ಣಕ್ಕೆ ತಿರುಗಿದೆ.